ಕಿರಿಯರಿಗೆ ಮುಂಬಡ್ತಿ ಕೊಟ್ಟು ಹಿರಿಯರನ್ನು ಬಿಟ್ಟರೆ ಕಾರಣ ಹೇಳಲೇಬೇಕೆ?

*ಸೇವಾ ಕಾನೂನು: ಓದುಗರ ಪ್ರಶ್ನೆ, ನಮ್ಮ ಉತ್ತರ*

ಪ್ರಶ್ನೆ: ಜ್ಯೇಷ್ಠತಾ ಪಟ್ಟಿಯಲ್ಲಿ ನನಗಿಂತ ಕೆಳಗಿದ್ದ ಇಬ್ಬರಿಗೆ ಮುಂಬಡ್ತಿ ಆದೇಶವಾಗಿದೆ. ನನ್ನನ್ನು ಏಕೆ ಕೈಬಿಟ್ಟರು ಎಂದು ಆದೇಶದಲ್ಲಿ ಒಂದು ಸಾಲೂ ಇಲ್ಲ. ಕಾರಣ ಕೊಡದ ಆದೇಶ ತಾನಾಗಿಯೇ ಬಿದ್ದುಹೋಗುವುದಿಲ್ಲವೇ? (ರಾಜ್ಯ ಸರ್ಕಾರಿ ನೌಕರರು, ದಾವಣಗೆರೆ)

ಉತ್ತರ: ಅದೊಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ. ಬಹಳಷ್ಟು ಅರ್ಜಿಗಳು ಸೋಲುವುದೇ ಈ ಒಂದು ವಾದಕ್ಕೆ ಜೋತುಬಿದ್ದು.

ಒಂದು ಕಾಲದಲ್ಲಿ ಈ ವಾದ ಗೆದ್ದಿತ್ತು. ರಾಜ್ಯ ಸೇವೆಯಿಂದ ಐಎಎಸ್, ಐಪಿಎಸ್‌ಗೆ ಬಡ್ತಿ ಕೊಡುವ 1955ರ ವಿನಿಯಮಗಳಲ್ಲಿ, ಹಿರಿಯರನ್ನು ದಾಟಿ ಕಿರಿಯರನ್ನು ಆರಿಸಿದರೆ ಆಯ್ಕೆ ಸಮಿತಿ ಕಾರಣ ದಾಖಲಿಸಬೇಕೆಂಬ ಷರತ್ತಿತ್ತು. ಉತ್ತರ ಪ್ರದೇಶದ ಅಧಿಕಾರಿಗಳ ವಿಷಯದಲ್ಲಿ ಸಮಿತಿ ಬರೆದಿದ್ದು ಎಲ್ಲರಿಗೂ ಒಂದೇ ಒಕ್ಕಣೆ: ಒಟ್ಟಾರೆ ನೋಡಿದಾಗ ಇವರ ಸೇವಾ ದಾಖಲೆ, ಆಯ್ಕೆಯಾದವರನ್ನು ಬಿಟ್ಟು ಇವರನ್ನು ನೇಮಿಸುವಷ್ಟು ಇಲ್ಲ. ಮೋಹನ್ ಲಾಲ್ ಕಪೂರ್ ಪ್ರಕರಣದಲ್ಲಿ (1973) ಸುಪ್ರೀಂ ಕೋರ್ಟ್ ಇದನ್ನು ರಬ್ಬರ್ ಸ್ಟ್ಯಾಂಪ್ ಕಾರಣ ಎಂದು ತಳ್ಳಿಹಾಕಿತು. ಎದುರಿಗಿದ್ದ ದಾಖಲೆಗೂ ತಲುಪಿದ ತೀರ್ಮಾನಕ್ಕೂ ನಡುವಿನ ಕೊಂಡಿಯನ್ನು ಮಾತ್ರ ಕಾರಣ ಎನ್ನಬಹುದು ಎಂಬುದು ಆ ತೀರ್ಪಿನ ತಿರುಳು.

ಸರ್ಕಾರ ಏನು ಮಾಡಿತು? ಕಾರಣ ಬರೆಯುವುದನ್ನು ಕಲಿಯಲಿಲ್ಲ, ಆ ಷರತ್ತನ್ನೇ 1977ರಲ್ಲಿ ತೆಗೆದುಹಾಕಿತು. ಅಧಿಕಾರಿಗಳನ್ನು 'ಅತ್ಯುತ್ಕೃಷ್ಟ', 'ಬಹಳ ಉತ್ತಮ', 'ಉತ್ತಮ', 'ಅನರ್ಹ' ಎಂದು ವಿಂಗಡಿಸಿ, ಮೇಲಿನ ದರ್ಜೆಯಿಂದ ಕೆಳಕ್ಕೆ ಪಟ್ಟಿ ತುಂಬುವ ಪದ್ಧತಿ ಬಂತು. ದರ್ಜೆಯೇ ಕಾರಣವನ್ನು ಹೇಳುತ್ತದೆ, ಪ್ರತ್ಯೇಕ ಕಾರಣ ಬೇಕಿಲ್ಲ ಎಂದು ಆರ್.ಎಸ್. ದಾಸ್ ಪ್ರಕರಣದಲ್ಲಿ (1986) ಸುಪ್ರೀಂ ಕೋರ್ಟ್ ಒಪ್ಪಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಪ್ರಕರಣದಲ್ಲಿ (1992) ಇನ್ನೂ ನೇರವಾಗಿ ಹೇಳಿತು: ಆಯ್ಕೆ ಸಮಿತಿಯದು ಆಡಳಿತಾತ್ಮಕ ಕೆಲಸ, ನ್ಯಾಯ ತೀರ್ಮಾನವಲ್ಲ, ನಿಯಮವೇ ಕೇಳದಿದ್ದರೆ ಕಾರಣ ದಾಖಲಿಸುವ ಕಾನೂನುಬದ್ಧ ಹೊಣೆ ಅದಕ್ಕಿಲ್ಲ. ಕಾರಣ ಕೊಡಬೇಕಿತ್ತು ಎಂದಿದ್ದ ಹೈಕೋರ್ಟ್ ನಿಲುವನ್ನು ಅದು ಒಪ್ಪಲಿಲ್ಲ.

ಹಾಗೆಂದು ಕಾರಣವೇ ಇಲ್ಲದೆ ಬಿಡಬಹುದು ಎಂದಲ್ಲ. ಕಾರಣ ತಿಳಿಸುವುದು ಬೇರೆ, ಕಾರಣ ಇರುವುದು ಬೇರೆ. ಆದೇಶವನ್ನು ಪ್ರಶ್ನಿಸಿದ ದಿನ ಸರ್ಕಾರ ಕಡತ ತಂದು, ತೀರ್ಮಾನಕ್ಕೆ ಆಧಾರ ಅದರೊಳಗೇ ಇತ್ತು ಎಂದು ತೋರಿಸಬೇಕು. ನಂಬೂದಿರಿ ಪ್ರಕರಣದಲ್ಲೂ (1991) ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಹಾಗಾಗಿ ನಿಮ್ಮ ಅರ್ಜಿಯಲ್ಲಿ 'ಕಾರಣ ಕೊಟ್ಟಿಲ್ಲ' ಎಂಬುದನ್ನು ಕೊನೆಗಿಟ್ಟು, ಸಮಿತಿಯ ಮೂಲ ನಡವಳಿಯನ್ನು ತರಿಸಬೇಕೆಂಬ ಕೋರಿಕೆಯನ್ನು ಮೊದಲಿಗಿಡಿ.

ಅದಕ್ಕೂ ಮುಂಚೆ ನಿಮ್ಮ ಹುದ್ದೆಯ ವೃಂದ ಮತ್ತು ನೇಮಕಾತಿ ನಿಯಮ ತೆರೆದು, ಬಡ್ತಿಯ ಅಳತೆಗೋಲು ಯಾವುದೆಂದು ನೋಡಿ. ಕರ್ನಾಟಕದ 1977ರ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿ ಎರಡು ದಾರಿಗಳಿವೆ. ಆಯ್ಕೆ ಹುದ್ದೆಯಾದರೆ ಅರ್ಹತೆ ಮುಂದೆ, ಜ್ಯೇಷ್ಠತೆ ಹಿಂದೆ. ಉಳಿದವಕ್ಕೆ ಸೀನಿಯಾರಿಟಿ-ಕಮ್-ಮೆರಿಟ್, ಅಂದರೆ ಕೆಲಸಕ್ಕೆ ಯೋಗ್ಯರಾಗಿದ್ದರೆ ಹಿರಿಯರಿಗೇ ಹುದ್ದೆ. ಈ ಎರಡನೆಯ ದಾರಿಯಲ್ಲಿ ಕಿರಿಯ ಎಷ್ಟೇ ಚುರುಕಾಗಿರಲಿ, ಯೋಗ್ಯರಾದ ಹಿರಿಯರನ್ನು ದಾಟುವಂತಿಲ್ಲ. ಕನಿಷ್ಠ ಅರ್ಹತೆಯ ಗೆರೆ ಎಳೆಯಬಹುದು, ಗೆರೆ ದಾಟಿದವರ ನಡುವೆ ಮತ್ತೆ ಅಂಕ ಹೋಲಿಸುವಂತಿಲ್ಲ (ಬಿ.ವಿ. ಶಿವಯ್ಯ ಪ್ರಕರಣ, 1998). ನಿಮ್ಮನ್ನು 'ಯೋಗ್ಯರಲ್ಲ' ಎನ್ನದೆ, ಬರೀ 'ಅವರು ಹೆಚ್ಚು ಸಮರ್ಥರು' ಎಂದು ಬಿಟ್ಟಿದ್ದರೆ ಗಟ್ಟಿ ಪ್ರಕರಣ ನಿಮ್ಮದು.

ಗೆದ್ದರೂ ಕೈಗೆ ನೇರವಾಗಿ ಬಡ್ತಿ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಹಳೆಯ ಮೈಸೂರು ರಾಜ್ಯದ ಸೈಯದ್ ಮಹಮೂದ್ ಪ್ರಕರಣದಲ್ಲೇ (1968) ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕಿರಿಯರಿಗೆ ಬಡ್ತಿ ಕೊಡುವಾಗ ಹಿರಿಯರನ್ನು ಪರಿಗಣಿಸದೇ ಇದ್ದದ್ದು ತಪ್ಪು. ಆದರೆ ಪರಿಹಾರವೆಂದರೆ ಆ ಹಿಂದಿನ ದಿನಾಂಕಕ್ಕೆ ಅನ್ವಯಿಸುವಂತೆ ಮತ್ತೆ ಪರಿಗಣಿಸುವುದು. ಸಂವಿಧಾನದ 16ನೇ ವಿಧಿಯಡಿ ಇರುವುದು ಪರಿಗಣನೆಗೆ ಒಳಗಾಗುವ ಹಕ್ಕು ಮಾತ್ರ.

ಪ್ರಶ್ನೆ: ನಾನು ಕೇಂದ್ರ ಸರ್ಕಾರದ ನೌಕರ. ಡಿಪಿಸಿ (ಇಲಾಖಾ ಮುಂಬಡ್ತಿ ಸಮಿತಿ) ನನ್ನನ್ನು 'ಅನ್‌ಫಿಟ್' ಎಂದಿದೆ. ನನ್ನ ವಾರ್ಷಿಕ ಗೋಪ್ಯ ವರದಿಗಳಲ್ಲಿ ಒಂದೂ ಕೆಟ್ಟ ಮಾತಿಲ್ಲ, ಒಂದು ವರ್ಷ 'ಗುಡ್' ಇತ್ತಂತೆ. ಇದು ಹೇಗೆ ಸಾಧ್ಯ? (ಮಂಗಳೂರು)

ಉತ್ತರ: ಮೇಲಿನ ದರ್ಜೆ ಪಡೆದ ಕಿರಿಯರು ಹಿರಿಯರನ್ನು ದಾಟುವ ಪದ್ಧತಿಯನ್ನು ಕೇಂದ್ರವು 2002ರ ಫೆಬ್ರುವರಿ 8ರ ಜ್ಞಾಪನದಿಂದ ನಿಲ್ಲಿಸಿತು. ಈಗ ಸಮಿತಿ ಹೇಳುವುದು 'ಫಿಟ್' ಅಥವಾ 'ಅನ್‌ಫಿಟ್' ಎರಡೇ. ಫಿಟ್ ಆದವರೆಲ್ಲ ಹಳೆಯ ಜ್ಯೇಷ್ಠತೆಯಲ್ಲೇ ನಿಲ್ಲುತ್ತಾರೆ. ಆದ್ದರಿಂದ ಹಿರಿಯರು ಹಿಂದೆ ಬೀಳುವುದು ಮುಖ್ಯವಾಗಿ ಬೆಂಚ್‌ಮಾರ್ಕ್ (ಬಡ್ತಿಗೆ ಬೇಕಾದ ಕನಿಷ್ಠ ದರ್ಜೆ) ಮುಟ್ಟದೆ ಅನ್‌ಫಿಟ್ ಆದಾಗ. ಆಗಿನ ರೂ. 12,000–16,500 ಶ್ರೇಣಿ ಮತ್ತು ಅದಕ್ಕೆ ಮೇಲ್ಪಟ್ಟ ಹುದ್ದೆಗಳಿಗೆ 'ವೆರಿ ಗುಡ್', ಕೆಳಗಿನವಕ್ಕೆ 'ಗುಡ್' ಬೆಂಚ್‌ಮಾರ್ಕ್ ಎಂದು ಆ ಜ್ಞಾಪನ ನಿಗದಿ ಮಾಡಿತು. ಆ ಮೇಲಿನ ಶ್ರೇಣಿಯ ಹುದ್ದೆಗೆ 'ಗುಡ್' ಎಂಬ ಹೊಗಳಿಕೆಯೇ ಕುತ್ತಿಗೆಗೆ ಕುಣಿಕೆ. ಅಂಕದ ಲೆಕ್ಕದಲ್ಲಿ 4ರಿಂದ 6ರೊಳಗೆ ಬಂದರೆ 'ಗುಡ್', 6ರಿಂದ 8ರೊಳಗೆ ಬಂದರೆ 'ವೆರಿ ಗುಡ್', 5.9 ಬಂದವರು 0.1ರಲ್ಲಿ ಸೋಲುತ್ತಾರೆ.

ದೇವದತ್ ಪ್ರಕರಣದಲ್ಲಿ (2008) ಆಗಿದ್ದು ಇದೇ. ಗಡಿ ರಸ್ತೆ ಸಂಸ್ಥೆಯ ಎಂಜಿನಿಯರ್ ಒಬ್ಬರಿಗೆ 1993–94ರಲ್ಲಿ 'ಗುಡ್' ಬಂದಿತ್ತು. ಐದು ವರ್ಷವೂ 'ವೆರಿ ಗುಡ್' ಬೇಕಿದ್ದ ಹುದ್ದೆ ಆ ಒಂದು ನಮೂದಿನಿಂದ ತಪ್ಪಿತು. ಅದು 'ಪ್ರತಿಕೂಲ' ಅಲ್ಲವೆಂದು ಅವರಿಗೆ ತಿಳಿಸಿಯೇ ಇರಲಿಲ್ಲ. ಪ್ರತಿಯೊಂದು ನಮೂದನ್ನೂ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಖಚಿತಪಡಿಸಿತು.

ಆದ್ದರಿಂದ ನೀವು ಹಿಡಿಯಬೇಕಾದ ಎಳೆ 'ಡಿಪಿಸಿ ಕಾರಣ ಕೊಡಲಿಲ್ಲ' ಎಂಬುದಲ್ಲ, 'ಆ ವರ್ಷದ ವರದಿ ನನಗೆ ತಲುಪಿಲ್ಲ' ಎಂಬುದು. 2008–09ರಿಂದ ಇಡೀ ಎಪಿಎಆರ್ (ವಾರ್ಷಿಕ ಕಾರ್ಯಕ್ಷಮತಾ ಮೌಲ್ಯಮಾಪನ ವರದಿ) ಪ್ರತಿಯನ್ನು ನೌಕರರಿಗೆ ಕೊಡಬೇಕು; ಮನವಿಗೆ 15 ದಿನ, ಅದರ ತೀರ್ಮಾನಕ್ಕೆ 30 ದಿನ. ಪ್ರತಿ ಕೈಗೆ ಬಂದಾಗ ದಿನಾಂಕ ಬರೆದು ಸಹಿ ಹಾಕಿ, ಬಡ್ತಿ ದೂರವಿದೆಯೆಂದು ಸುಮ್ಮನಿರಬೇಡಿ. ವರದಿ ತಿಳಿಸಿದ್ದು, ನೀವು 15 ದಿನದಲ್ಲಿ ಸೊಲ್ಲೆತ್ತಲಿಲ್ಲ ಎಂದಾದರೆ, ನಾಲ್ಕು ವರ್ಷದ ನಂತರ ಅದನ್ನು ಕೆದಕುವುದು ಕಷ್ಟ.

ಇನ್ನೊಂದು ಅಸ್ತ್ರವೂ ಇದೆ. ವರದಿಯಲ್ಲಿ 'ವೆರಿ ಗುಡ್' ಇದ್ದರೂ ಸಮಿತಿ ತಾನೇ ಅದನ್ನು ಇಳಿಸಿದ್ದರೆ, ಸಮರ್ಥಿಸಿಕೊಳ್ಳಬಲ್ಲ ಕಾರಣ ಕೊಡಬೇಕೆಂದು ಕೇಂದ್ರ ಸಿಬ್ಬಂದಿ ಇಲಾಖೆಯ 2014ರ ಮೇ ತಿಂಗಳ ಸೂಚನೆ ಹೇಳುತ್ತದೆ. ಇಲ್ಲಿ ಕಾರಣದ ಹೊಣೆ ಸೂಚನೆಯಲ್ಲೇ ಇದೆ, ನಿಮ್ಹಾನ್ಸ್ ತೀರ್ಪು ಸಮಿತಿಯ ನೆರವಿಗೆ ಬರುವುದಿಲ್ಲ.

ಪ್ರಶ್ನೆ: ಆರ್‌ಟಿಐ ಅರ್ಜಿಯಲ್ಲಿ 'ನನಗೇಕೆ ಬಡ್ತಿ ಕೊಟ್ಟಿಲ್ಲ?' ಎಂದು ಕೇಳಿದ್ದಕ್ಕೆ, ಇದು ಮಾಹಿತಿಯಲ್ಲ ಎಂದು ಉತ್ತರಿಸಿದ್ದಾರೆ. (ತುಮಕೂರು)

ಉತ್ತರ: 'ಏಕೆ' ಎಂದು ಕೇಳಿದರೆ ಹೀಗೆಯೇ ಬರುತ್ತದೆ; ದಾಖಲೆಯಲ್ಲಿ ಇರುವುದನ್ನಷ್ಟೇ ಕೊಡಬೇಕು. ಇಂಥ ದಿನಾಂಕದ ಸಭೆಯ ನಡವಳಿಯಲ್ಲಿ ನನ್ನ ಹೆಸರಿಗೆ ಸಂಬಂಧಿಸಿದ ಭಾಗ, ಕಡತದ ಟಿಪ್ಪಣಿ ಪುಟಗಳು, ಪರಿಗಣಿಸಿದ ಐದು ವರ್ಷಗಳ ನನ್ನದೇ ವರದಿಗಳು ಎಂದು ದಾಖಲೆಯ ಹೆಸರು ಹಿಡಿದು ಕೇಳಿ. ಬಾಧಿತರಿಗೆ ಆಡಳಿತಾತ್ಮಕ ತೀರ್ಮಾನದ ಕಾರಣ ಒದಗಿಸಬೇಕೆನ್ನುವ ಕಲಂ 4(1)(ಡಿ)ಯನ್ನೂ ನಮೂದಿಸಿ. ಬಡ್ತಿ ಪಡೆದವರ ಗೋಪ್ಯ ವರದಿ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಇಡೀ ಅರ್ಜಿಯೇ ಗೊಂದಲಕ್ಕೆ ಬೀಳುತ್ತದೆ; ಅದನ್ನು ನ್ಯಾಯಮಂಡಳಿ ತರಿಸಿಕೊಳ್ಳಲಿ.

ಪ್ರಶ್ನೆ: ನನ್ನ ಮೇಲೆ ಪ್ರಾಥಮಿಕ ವಿಚಾರಣೆ ನಡೆಯುತ್ತಿದೆ ಎಂದು ಹೆಸರನ್ನು ಮೊಹರು ಲಕೋಟೆಯಲ್ಲಿ ಇಟ್ಟಿದ್ದಾರೆ. ಸರಿಯೇ? (ಕಲಬುರಗಿ)

ಉತ್ತರ: ಅಲ್ಲ. ಜಾನಕಿರಾಮನ್ ತೀರ್ಪಿನ (1991) ಪ್ರಕಾರ ಲಕೋಟೆಗೆ ಹಾಕಬೇಕೆಂದರೆ, ಅಂದರೆ ಸಮಿತಿಯ ಶಿಫಾರಸನ್ನು ಪ್ರಕರಣ ಮುಗಿಯುವವರೆಗೆ ಮುಚ್ಚಿಡಬೇಕೆಂದರೆ, ಇಲಾಖಾ ವಿಚಾರಣೆಯಲ್ಲಿ ದೋಷಾರೋಪಣಾ ಪಟ್ಟಿ ಜಾರಿಯಾಗಿರಬೇಕು, ಅಥವಾ ಕ್ರಿಮಿನಲ್ ಪ್ರಕರಣದಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗಿರಬೇಕು. ಅಮಾನತಿನಲ್ಲಿರುವವರ ವಿಷಯದಲ್ಲೂ ಲಕೋಟೆ ಸರಿ. ಬರೀ ಪ್ರಾಥಮಿಕ ವಿಚಾರಣೆ ಸಾಲದು.

ಪ್ರಶ್ನೆ: ಸಮಿತಿಗೆ ಟಿಪ್ಪಣಿ ಮತ್ತು ನಡವಳಿ ಸಿದ್ಧಪಡಿಸುವ ಶಾಖೆಯಲ್ಲಿದ್ದೇನೆ. ನ್ಯಾಯಮಂಡಳಿಯಲ್ಲಿ ನಿಲ್ಲುವ ಹಾಗೆ ಹೇಗೆ ಬರೆಯಬೇಕು? (ಬೆಂಗಳೂರು)

ಉತ್ತರ: ಇಂಥ ಪ್ರಶ್ನೆ ಅಪರೂಪಕ್ಕೆ ಬರುತ್ತದೆ, ಸಂತೋಷ. 'ಸಮಿತಿಯು ಸೇವಾ ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಅರ್ಹರಲ್ಲವೆಂದು ತೀರ್ಮಾನಿಸಿತು' ಎಂಬ ವಾಕ್ಯ 1973ರಲ್ಲೇ ಸೋತ ವಾಕ್ಯ. ಅದರಲ್ಲಿ ಪರಿಶೀಲಿಸಿದ ಕ್ರಿಯೆ ಇದೆ, ಕಂಡದ್ದೇನು ಎಂಬುದಿಲ್ಲ. ಬದಲಿಗೆ ಹೀಗೆ ಬರೆಯಿರಿ: 'ಐದು ವರ್ಷಗಳ ವರದಿಗಳಲ್ಲಿ ಎರಡರಲ್ಲಿ ದರ್ಜೆ ನಿಗದಿತ ಮಟ್ಟಕ್ಕಿಂತ ಕಡಿಮೆ, ಎರಡನ್ನೂ ಇಂಥ ದಿನಾಂಕಗಳಂದು ತಿಳಿಸಲಾಗಿದೆ, ಒಂದರ ಮೇಲಿನ ಮನವಿ ಇಂಥ ದಿನ ತಿರಸ್ಕೃತವಾಗಿದೆ, ಇನ್ನೊಂದಕ್ಕೆ ಮನವಿ ಬಂದಿಲ್ಲ.' ನಾಲ್ಕೇ ಸಾಲು, ಆದರೆ ಪ್ರತಿ ಸಾಲಿಗೂ ಕಡತದಲ್ಲಿ ಒಂದು ಪುಟವಿದೆ.

ಸಭೆಗೆ ಮುನ್ನ ಪ್ರತಿ ಅಧಿಕಾರಿಗೆ ಒಂದು ಹಾಳೆ ಮಾಡಿಕೊಳ್ಳಿ: ಅಂತಿಮ ಜ್ಯೇಷ್ಠತಾ ಪಟ್ಟಿಯ ಕ್ರಮಸಂಖ್ಯೆ, ಐದು ವರ್ಷಗಳ ದರ್ಜೆ, ತಿಳಿಸಿದ ದಿನಾಂಕ, ಮನವಿಯ ಗತಿ, ವಿಚಾರಣೆಯ ಹಂತ. ತಿಳಿಸಿದ ದಿನಾಂಕದ ಕಾಲಂ ಖಾಲಿ ಇದ್ದರೆ ಆ ವಿಷಯವನ್ನು ಸಭೆಗೆ ಮೊದಲೇ ಸರಿಪಡಿಸಿ. ಪ್ರಕರಣ ಮುರಿಯುವುದು ಸಾಮಾನ್ಯವಾಗಿ ಅಲ್ಲೇ. ವರದಿಯೇ ಬರೆಯದ ವರ್ಷವಿದ್ದರೆ, ಅದರ ಹಿಂದಿನ ವರ್ಷದ್ದನ್ನು ಪರಿಗಣಿಸಿದ್ದೀರೋ ಇಲ್ಲವೋ ಎಂಬುದನ್ನೂ ನಡವಳಿಯಲ್ಲಿ ಹೇಳಿ. ಕಾರಣವನ್ನು ಸಭೆಯ ದಿನವೇ ಬರೆಸಿ. ಮೊಕದ್ದಮೆ ಬಿದ್ದ ಮೇಲೆ ಆಕ್ಷೇಪಣೆ ಹೇಳಿಕೆಯಲ್ಲಿ ಹೊಸ ಕಾರಣ ಹೊಲಿಯುವುದನ್ನು ಪೀಠ ಅನುಮಾನದಿಂದಲೇ ನೋಡುತ್ತದೆ.

ಪ್ರಶ್ನೆ: ಮೂರು ಬಾರಿ ಮನವಿ ಕೊಟ್ಟೆ, ಉತ್ತರವಿಲ್ಲ. ಇನ್ನೂ ಕಾಯಬೇಕೆ? (ಹಾಸನ)

ಉತ್ತರ: ಕಾಯಬೇಡಿ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯ ಪ್ರಕಾರ ಅಂತಿಮ ಆದೇಶದಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು. ಮೇಲ್ಮನವಿ ಅಥವಾ ಮನವಿಗೆ ಉತ್ತರ ಬರದಿದ್ದರೆ 6 ತಿಂಗಳು ಕಾದು, ಅಲ್ಲಿಂದ 1 ವರ್ಷ. ಮತ್ತೆ ಮತ್ತೆ ಮನವಿ ಕೊಟ್ಟರೆ ಗಡುವು ಬೆಳೆಯುವುದಿಲ್ಲ (ಎಸ್.ಎಸ್. ರಾಥೋಡ್ ಪ್ರಕರಣ, 1989), ಮೊದಲನೆಯ ಮನವಿಯಿಂದಲೇ ಲೆಕ್ಕ ಹಾಕಿ. ರಾಜ್ಯ ನೌಕರರು ಕೆಎಟಿಗೆ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ), ಕೇಂದ್ರದವರು ಸಿಎಟಿಗೆ (ಕೇಂದ್ರ ಆಡಳಿತ ನ್ಯಾಯಮಂಡಳಿ) ಹೋಗಬೇಕು. ಬಡ್ತಿ ಪಡೆದ ಕಿರಿಯರನ್ನೂ ಪ್ರತಿವಾದಿ ಮಾಡಿ. ಸರ್ಕಾರವನ್ನಷ್ಟೇ ಹೆಸರಿಸಿದ ಅರ್ಜಿ ಅದೊಂದೇ ಕಾರಣಕ್ಕೆ ವಜಾ ಆಗಬಹುದು. ಜೊತೆಗೆ, ಈಗಿನ ಬಡ್ತಿಗಳು ಅರ್ಜಿಯ ಅಂತಿಮ ತೀರ್ಪಿಗೆ ಒಳಪಟ್ಟಿರಲಿ ಎಂಬ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಿ.