ಆಸ್ಪತ್ರೆಗೆ ತಂದ ಪೇಪರ್‌ಗೆ ಸೈನ್ ಹಾಕ್ಬೇಡಿ

ಪ್ರಶ್ನೆ: ಸರ್, ನಾನು ಮಂಡ್ಯದವಳು, ಬೆಂಗಳೂರಲ್ಲಿ ಕೆಲಸ. ನಾಲ್ಕು ತಿಂಗಳ ಹಿಂದೆ ಆ್ಯಪಲ್ಲಿ ಬುಕ್ ಮಾಡಿದ ಕ್ಯಾಬ್ ಡಿವೈಡರ್‌ಗೆ ಗುದ್ದಿ ನನ್ನ ಬಲಗೈ ಮಣಿಕಟ್ಟು ಮುರೀತು, ಪ್ಲೇಟ್ ಹಾಕಿದಾರೆ, ಇವತ್ತಿಗೂ ಮುದ್ದೆ ಕಟ್ಟೋಕಾಗಲ್ಲ. ಎರಡು ತಿಂಗಳು ಸಂಬಳ ಹೋಯ್ತು. ಕೇಸೇನೋ ಆಗಿದೆ. ಕಾರಿನ ಓನರ್ 20 ಸಾವಿರ ಕೊಡ್ತೀನಿ, ರಾಜಿ ಆಯ್ತು ಅಂತ ಸೈನ್ ಹಾಕಿ ಅಂತ ಆಸ್ಪತ್ರೆಗೇ ಪೇಪರ್ ತಂದಿದ್ರು, ಈಗಲೂ ಫೋನ್ ಮಾಡ್ತಿದಾರೆ. ತಗೊಳ್ಲಾ?

ಉತ್ತರ: ಬೇಡಮ್ಮಾ, ಸೈನ್ ಮಾತ್ರ ಹಾಕ್ಬೇಡಿ. ನಾಳೆ ಇನ್ಶೂರೆನ್ಸ್ ಕಡೆ ವಕೀಲರು ಅದೇ ಪೇಪರ್ ಹಿಡ್ಕೊಂಡು ನಿಮ್ಮನ್ನ ಪ್ರಶ್ನೆ ಕೇಳ್ತಾರೆ. ಹಿಂದೆ ಕೂತಿದ್ದ ನಿಮ್ದೇನು ತಪ್ಪು? ಮೋಟಾರು ವಾಹನ ಕಾಯ್ದೆ 166ನೇ ಸೆಕ್ಷನ್ ಕೆಳಗೆ ಓನರ್ ಮತ್ತು ಇನ್ಶೂರೆನ್ಸ್ ಕಂಪನಿ ಇಬ್ಬರ ಮೇಲೂ ಪರಿಹಾರಕ್ಕೆ ಅರ್ಜಿ ಹಾಕ್ಬಹುದು, ಅದೂ ನೀವಿರೋ ಊರಿನ ಅಪಘಾತ ಪರಿಹಾರ ಟ್ರಿಬ್ಯುನಲ್‌ನಲ್ಲೇ. ಆದ್ರೆ ಆ್ಯಕ್ಸಿಡೆಂಟ್ ಆದ ಆರು ತಿಂಗಳೊಳಗೆ ಅರ್ಜಿ ಹಾಕ್ಬೇಕು ಅನ್ನೋ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ, ನಿಮಗುಳಿದಿರೋದು ಎರಡೇ ತಿಂಗಳು, ಈ ವಾರವೇ ಹೊರಡಿ.

ಎಫ್‌ಐಆರ್, ಮಹಜರ್ (ಪೊಲೀಸರು ಸ್ಥಳ ನೋಡಿ ಬರೆದ ವರದಿ), ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಆಸ್ಪತ್ರೆ ಕೊಡೋ ಪತ್ರ), ಡಿಸ್ಚಾರ್ಜ್ ಸಮ್ಮರಿ, ಎಲ್ಲಾ ಬಿಲ್ಲು, ಸಂಬಳದ ಸ್ಲಿಪ್, ಜೊತೆಗೆ ಆ್ಯಪಲ್ಲಿರೋ ಟ್ರಿಪ್ಪಿನ ಸ್ಕ್ರೀನ್‌ಶಾಟ್ ಈಗ್ಲೇ ತೆಗೆದಿಡಿ. ಪ್ಲೇಟ್ ಮುಂದೆ ತೆಗೆಸ್ಬೇಕಾದ್ರೆ ಎಷ್ಟಾಗುತ್ತೆ ಅಂತ ಆಪರೇಷನ್ ಮಾಡಿದ ಡಾಕ್ಟರ್ ಹತ್ರನೇ ಬರೆಸ್ಕೊಳ್ಳಿ, ತುಂಬಾ ಜನ ಇದನ್ನ ಕೇಳೋದೇ ಮರೀತಾರೆ. ಮುದ್ದೆ ಕಟ್ಟೋಕಾಗಲ್ಲ ಅಂದ್ರಲ್ಲ, ಆ ಮಾತನ್ನ ಕೋರ್ಟಲ್ಲೂ ಹಾಗೇ ಹೇಳಿ, ದಿನನಿತ್ಯದ ಬದುಕಿಗೆ ಆದ ತೊಂದರೆಗೂ ಪರಿಹಾರ ಇದೆ. ವಕೀಲರ ಫೀಸ್ ಚಿಂತೆ ಇದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಉಚಿತ. ಸಹಾಯವಾಣಿ 15100.

ಪ್ರಶ್ನೆ: ಸರ್, ನನ್ನ ತಮ್ಮ ಕ್ಯಾಬ್ ಓಡಿಸ್ತಾನೆ. 2019ರಲ್ಲಿ ಆದ ಆ್ಯಕ್ಸಿಡೆಂಟ್ ಕೇಸಲ್ಲಿ ಅವನಿಗೆ 2023ರಲ್ಲಿ ಖುಲಾಸೆ ಆಯ್ತು. ಈಗ ಬೇರೆ ಕಂಪನಿಗೆ ಸೇರೋಕೆ ಪೊಲೀಸ್ ವೆರಿಫಿಕೇಷನ್ ಮಾಡಿಸಿದ್ರೆ ಕೇಸ್ ಬಾಕಿ ಅಂತ ಬರ್ತಿದೆ. ಅಳಿಸೋದು ಹೇಗೆ?

ಉತ್ತರ: ಅಮೆರಿಕದ ಹಲವು ರಾಜ್ಯಗಳಲ್ಲಿ ಇರೋ ಹಾಗೆ ಅರ್ಜಿ ಹಾಕಿ ಹಳೇ ರೆಕಾರ್ಡ್ ಅಳಿಸೋ ಕಾಯ್ದೆ ನಮ್ಮಲ್ಲಿಲ್ಲ. ಆದ್ರೆ ಬಾಕಿ ಅನ್ನೋದು ಸುಳ್ಳು ಮಾಹಿತಿ, ಅದನ್ನ ತಿದ್ದಿಸೋದು ಅವನ ಹಕ್ಕು. ಕೋರ್ಟಿಂದ ತೀರ್ಪಿನ ಸರ್ಟಿಫೈಡ್ ಕಾಪಿ ತಗೊಂಡು ಕೇಸಾದ ಸ್ಟೇಷನ್ನಿಗೂ ಎಸ್‌ಪಿ ಅಥವಾ ಕಮಿಷನರ್ ಆಫೀಸಿಗೂ ರೆಕಾರ್ಡ್ ಅಪ್‌ಡೇಟ್ ಮಾಡಿ ಅಂತ ಅರ್ಜಿ ಕೊಡ್ಲಿ, ಸೀಲ್ ಹಾಕಿದ ಸ್ವೀಕೃತಿ ಇಲ್ದೆ ಎದ್ದು ಬರೋದು ಬೇಡ. ಆಮೇಲೆ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ವೆರಿಫಿಕೇಷನ್‌ಗೆ ಮತ್ತೆ ಅರ್ಜಿ ಹಾಕ್ಲಿ. ಆಗ್ಲೂ ತಿದ್ದಲಿಲ್ಲ ಅಂದ್ರೆ ಹೈಕೋರ್ಟಲ್ಲಿ ರಿಟ್, ಅಂದ್ರೆ ಪೊಲೀಸರಿಗೆ ಆದೇಶ ಕೊಡಿ ಅಂತ ಕೇಳೋ ಅರ್ಜಿ.

ನಿಮ್ಮ ತಮ್ಮ ನಾಲ್ಕು ವರ್ಷ ಕೋರ್ಟಿಗೆ ಅಲೆದು ಕೇಸ್ ನಡೆಸಿದ್ದು ಒಳ್ಳೇದಾಯ್ತು. ಎಷ್ಟೋ ಡ್ರೈವರ್‌ಗಳು ಒಂದಿನದ ದುಡಿಮೆ ಹೋಗುತ್ತೆ ಅಂತ ತಪ್ಪೊಪ್ಕೊಂಡು ದಂಡ ಕಟ್ಟಿ ಬಂದ್ಬಿಡ್ತಾರೆ, ಮುಗೀತು ಅನ್ಕೋತಾರೆ, ಅದು ಶಿಕ್ಷೆ ಆದ ಲೆಕ್ಕ ಅಂತ ಯಾರೂ ಅವ್ರಿಗೆ ಹೇಳಿರಲ್ಲ. ಹಾಗೆ ಒಪ್ಕೊಂಡ್ಮೇಲೆ ಶಿಕ್ಷೆ ಜಾಸ್ತಿ ಆಯ್ತು ಅಥವಾ ಕಾನೂನು ಪ್ರಕಾರ ಇಲ್ಲ ಅನ್ನೋದು ಬಿಟ್ರೆ ಅಪೀಲಿಗೂ ದಾರಿ ಇರಲ್ಲ.

ಕಂಪನಿ ಫಾರಮ್ಮಲ್ಲಿ ಕೇಸ್ ಇತ್ತಾ ಅಂತ ಕೇಳಿದ್ರೆ ಇತ್ತು, ಖುಲಾಸೆ ಆಗಿದೆ ಅಂತಲೇ ಬರೆದು ತೀರ್ಪಿನ ಕಾಪಿ ಲಗತ್ತಿಸ್ಲಿ. ಮುಚ್ಚಿಟ್ರೆ ಆ ಕಾರಣಕ್ಕೇ ತೆಗೀತಾರೆ.