ಪಿಕಪ್ ಗಾಡಿಗೆ ಕೋನ್ ಫಿಲ್ಟರ್, ರೀಮ್ಯಾಪ್ ಮಾಡಿಸಿದರೆ ಘಾಟಿಯಲ್ಲಿ ಎಳೆಯುತ್ತಾ?

ನೀವು ಬರೆದಿರುವ ಪ್ರಕಾರ ನಿಮ್ಮದು 2018ರ ಬೊಲೆರೊ ಪಿಕಪ್, ಬಿಎಸ್4 (ಹೊಗೆ ನಿಯಮದ ಹಳೆಯ ಹಂತ). ಹಾವೇರಿಯಿಂದ ತರಕಾರಿ ಹೇರಿಕೊಂಡು ಅಂಕೋಲಾಕ್ಕೆ ಹೋಗ್ತೀರಿ, ಬರುವಾಗ ಮೀನಿನ ಬಾಕ್ಸ್ ತುಂಬಿಕೊಂಡು ಹುಬ್ಬಳ್ಳಿಗೆ ಬರ್ತೀರಿ. ಅರಬೈಲ್ ಘಾಟಿ ಹತ್ತುವಾಗ ಗಾಡಿ ದಮ್ಮು ಬಿಡುತ್ತೆ. ಗ್ಯಾರೇಜಿನವರು ಕೋನ್ ಫಿಲ್ಟರ್‌ಗೆ (ಡಬ್ಬಿ ಇಲ್ಲದೆ ಬೋಳಾಗಿ ಕೂರುವ ಏರ್ ಫಿಲ್ಟರ್) 7 ಸಾವಿರ, ರೀಮ್ಯಾಪ್‌ಗೆ (ಎಂಜಿನ್ ಕಂಪ್ಯೂಟರಿನ ಅಂಕಿ ಬದಲಿಸೋದು) 22 ಸಾವಿರ ಹೇಳಿದ್ದಾರೆ. ಪಿಕಪ್ಪೂ ಮೈಲೇಜೂ ಎರಡೂ ಜಾಸ್ತಿ ಆಗುತ್ತೆ ಅಂದಿದ್ದಾರೆ. ಮಾಡಿಸಲಾ ಬೇಡವಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಡೀಸೆಲ್ ಪಂಪು, ಇಂಜೆಕ್ಟರ್ ಕೆಲಸ ಮಾಡುವವನು. ಫಿಲ್ಟರ್ ಬೇಡ. ರೀಮ್ಯಾಪ್‌ನಿಂದ ಶಕ್ತಿ ಬರುತ್ತೆ, ಅದು ಸುಳ್ಳಲ್ಲ. ಆದರೆ ಬಾಡಿಗೆ ಹೊಡೆಯುವ ಗಾಡಿಗೆ, ಅದೂ ಈಗಾಗಲೇ ದಮ್ಮು ಬಿಡುತ್ತಿರುವ ಗಾಡಿಗೆ, ಅದನ್ನು ಮೊದಲು ಮಾಡಿಸಬೇಡಿ. ಕಂಪನಿ ಕೊಟ್ಟ ಶಕ್ತಿಯೇ ಎಲ್ಲೋ ಸೋರಿಹೋಗುತ್ತಿರುವ ಸಾಧ್ಯತೆ ಜಾಸ್ತಿ.

ಫಿಲ್ಟರ್ ಯಾಕೆ ಬೇಡ ಅಂತ ಹೇಳ್ತೀನಿ. ಡೀಸೆಲ್ ಎಂಜಿನ್ ಒಳಗೆ ಸುಡಲು ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಯಾವಾಗಲೂ ಇರುತ್ತೆ. ಶಕ್ತಿ ಎಷ್ಟು ಬರಬೇಕು ಅನ್ನೋದನ್ನು ಮುಖ್ಯವಾಗಿ ನಿರ್ಧರಿಸೋದು ಒಳಗೆ ಬೀಳುವ ಡೀಸೆಲ್. ಡೀಸೆಲ್ ಅಷ್ಟೇ ಇಟ್ಟು ಗಾಳಿ ಮಾತ್ರ ಚೂರು ಜಾಸ್ತಿ ಬಿಟ್ಟರೆ ಕೈಗೆ ಸಿಗುವುದು ಏನೂ ಇಲ್ಲ. ಲೆಕ್ಕ ನೋಡಿ. ಹೊರಗಿನ ಗಾಳಿಯ ಒತ್ತಡ ಸುಮಾರು 100 ಕಿಲೋಪಾಸ್ಕಲ್. ಹೊಸ ಪೇಪರ್ ಫಿಲ್ಟರ್ ದಾಟುವಾಗ ಅದರಲ್ಲಿ ಕಳೆಯೋದು ಸಾಮಾನ್ಯವಾಗಿ 1ರಿಂದ 2.5. ಫಿಲ್ಟರೇ ಇಲ್ಲದೆ ಓಡಿಸಿದರೂ ಉಳಿಯೋದು ಅಷ್ಟೇ! ಇನ್ನೊಂದು ಕಡೆ, ನೀವು ಅಂಕೋಲಾದಿಂದ ಹುಬ್ಬಳ್ಳಿಗೆ ಬರುವಾಗ 600 ಮೀಟರಿಗೂ ಜಾಸ್ತಿ ಎತ್ತರ ಹತ್ತುತ್ತೀರಿ. ಅಷ್ಟರಲ್ಲೇ ಗಾಳಿಯ ಒತ್ತಡ ಸುಮಾರು 7 ಪರ್ಸೆಂಟ್ ಇಳಿಯುತ್ತೆ. ಅದು ನಿಮಗೆ ಗೊತ್ತೇ ಆಗೋದಿಲ್ಲ, ಯಾಕೆಂದರೆ ಬಹುಪಾಲು ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಭಾಗ) ತುಂಬಿಕೊಡುತ್ತೆ. 7 ಪರ್ಸೆಂಟ್ ಗೊತ್ತಾಗದವರಿಗೆ 2 ಪರ್ಸೆಂಟ್ ಗೊತ್ತಾಗುತ್ತಾ?

ಗೊತ್ತಾಗೋದು ಸದ್ದು. ಕೋನ್ ಹಾಕಿದ ಮೇಲೆ ಟರ್ಬೊ ಶಿಳ್ಳೆ ಚೆನ್ನಾಗಿ ಕೇಳಿಸುತ್ತೆ, ಗಾಡಿ ಜೋರಾಗಿದೆ ಅನ್ನಿಸುತ್ತೆ. ಕಂಪನಿಯ ಡಬ್ಬಿ ಸಾಮಾನ್ಯವಾಗಿ ಹೊರಗಿನ ತಣ್ಣನೆ ಗಾಳಿ ಎಳೆಯೋ ಹಾಗೆ ಕೂತಿರುತ್ತೆ. ಬಾನೆಟ್ ಒಳಗೆ ಬೋಳಾಗಿ ಕೂತ ಕೋನ್ ಎಂಜಿನ್ನಿನ ಬಿಸಿ ಗಾಳಿ ಕುಡಿಯುತ್ತೆ. ಗಾಳಿ 3 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 1 ಪರ್ಸೆಂಟ್ ತೆಳ್ಳಗಾಗುತ್ತೆ. ಘಾಟಿಯಲ್ಲಿ ಸೆಕೆಂಡ್ ಗೇರಲ್ಲಿ ನಿಧಾನ ಹತ್ತುವಾಗ ಬಾನೆಟ್ ಒಳಗೆ ಎಷ್ಟು ಕಾವು ಇರುತ್ತೆ ನಿಮಗೇ ಗೊತ್ತು. ಅಂದರೆ ದುಡ್ಡು ಕೊಟ್ಟು ಕಡಿಮೆ ಮಾಡಿಕೊಂಡ ಹಾಗೆ.

ನಮ್ಮ ಕಡೆ ಇದಕ್ಕಿಂತ ದೊಡ್ಡ ತೊಂದರೆ ಧೂಳು. ಸುಗ್ಗಿಯಲ್ಲಿ ಹೊಲದ ದಾರಿಗೆ ಇಳಿದು ಬಂದ ಗಾಡಿಯ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ, ಬೊಗಸೆ ಮಣ್ಣು ಬೀಳುತ್ತೆ. ಧೂಳಿನಲ್ಲಿರುವ ಮರಳಿನ ಕಣ ಗಟ್ಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣವೂ ಪಿಸ್ಟನ್ ರಿಂಗು, ಬೋರು ತಿನ್ನುತ್ತೆ. ಟರ್ಬೊ ರೆಕ್ಕೆಯನ್ನೂ ಬಿಡೋದಿಲ್ಲ. ಪೇಪರ್ ಫಿಲ್ಟರ್ ಈ ಸಣ್ಣ ಧೂಳು ಹಿಡಿಯೋದರಲ್ಲಿ ಎಣ್ಣೆ ಸವರಿದ ಬಟ್ಟೆ ಕೋನ್‌ಗಿಂತ ಎಷ್ಟೋ ಮೇಲು. ಮೇಲೆ ಒಂಚೂರು ಧೂಳು ಕೂತ ಮೇಲಂತೂ ಇನ್ನೂ ಚೆನ್ನಾಗಿ ಹಿಡಿಯುತ್ತೆ. ಕೋನ್‌ಗೆ ಎಣ್ಣೆ ಜಾಸ್ತಿ ಹಾಕಿದರೆ ಅದು ಹಾರಿಹೋಗಿ ಏರ್‌ಫ್ಲೋ ಸೆನ್ಸಾರ್ ಮೇಲೆ ಕೂರುತ್ತೆ, ಆಗ ಇಸಿಯುಗೆ, ಅಂದರೆ ಎಂಜಿನ್ ಕಂಪ್ಯೂಟರಿಗೆ, ತಪ್ಪು ಲೆಕ್ಕ ಹೋಗುತ್ತೆ. ಪಂಕ್ಚರ್ ಅಂಗಡಿಯಲ್ಲಿ ಪೇಪರ್ ಫಿಲ್ಟರ್‌ಗೆ ಜೋರಾಗಿ ಏರ್ ಹೊಡೆಸುವ ಚಟವನ್ನೂ ಬಿಡಿ. ಕಾಗದ ಸೀಳುತ್ತೆ, ಸೀಳು ಕಣ್ಣಿಗೆ ಕಾಣಲ್ಲ. ಕೆಲವು ನೂರು ರೂಪಾಯಿಯ ಸಾಮಾನು, ಹೊಸದೇ ಹಾಕಿಸಿ.

ಈಗ ರೀಮ್ಯಾಪ್. ಇಸಿಯು ಒಳಗೆ ಯಾವ ಆರ್‌ಪಿಎಂಗೆ, ಎಷ್ಟು ಆಕ್ಸಿಲೇಟರ್‌ಗೆ, ಎಷ್ಟು ಡೀಸೆಲ್, ಎಷ್ಟು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಅಂತ ಪಟ್ಟಿ ಇರುತ್ತೆ. ರೀಮ್ಯಾಪ್ ಮಾಡುವವರು ಆ ಅಂಕಿಗಳನ್ನು ಏರಿಸ್ತಾರೆ. ಟರ್ಬೊ ಡೀಸೆಲ್‌ನಲ್ಲಿ 15-20 ಪರ್ಸೆಂಟ್ ಟಾರ್ಕ್ (ಎಳೆಯುವ ಬಲ) ಏರಿಸೋದು ಕಷ್ಟವಲ್ಲ. ಅಗ್ಗದ ಟ್ಯೂನಿಂಗ್ ಬಾಕ್ಸ್ ಬೇರೆ. ಅದರಲ್ಲಿ ಬಹಳಷ್ಟು ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗುವ ಡೀಸೆಲ್‌ನ ಒತ್ತಡ) ಸೆನ್ಸಾರ್‌ನ ಮಾತನ್ನು ಸುಳ್ಳು ಮಾಡಿ ಇಸಿಯುಗೆ ಕಳಿಸುತ್ತವೆ. ಪ್ರೆಶರ್ ಕಡಿಮೆ ಇದೆ ಅಂದುಕೊಂಡು ಇಸಿಯು ಏರಿಸುತ್ತೆ. ಪಂಪು, ಇಂಜೆಕ್ಟರ್ ಮೇಲೆ ಬೀಳುವ ಭಾರ ಆ ಬಾಕ್ಸ್‌ಗೆ ಗೊತ್ತಿಲ್ಲ. ಆಕ್ಸಿಲೇಟರ್ ಪೆಡಲ್‌ಗೆ ಹಾಕುವ ಇನ್ನೊಂದು ಬಾಕ್ಸ್ ಬರುತ್ತಲ್ಲ, ಅದಂತೂ ಬರೀ ಆಟ. ಅರ್ಧ ಒತ್ತಿದ್ದನ್ನು ಪೂರ್ತಿ ಒತ್ತಿದ ಹಾಗೆ ತೋರಿಸುತ್ತೆ, ಅಷ್ಟೇ.

ಖಾಲಿ ಓಡುವ ಸ್ವಂತದ ಕಾರಿಗೆ ಒಳ್ಳೆಯವರ ಕೈಲಿ ರೀಮ್ಯಾಪ್ ಮಾಡಿಸಿದರೆ ವರ್ಷಗಟ್ಟಲೆ ಏನೂ ಆಗದೇ ಇರಬಹುದು. ಅಲ್ಲಿ ಪೂರ್ತಿ ಶಕ್ತಿ ಬೇಕಾಗೋದು ಓವರ್‌ಟೇಕ್ ಮಾಡುವ ಕೆಲವು ಸೆಕೆಂಡ್ ಮಾತ್ರ. ನಿಮ್ಮದು ಹಾಗಲ್ಲ. ತುಂಬಿದ ಗಾಡಿ, ಘಾಟಿ ಮುಗಿಯೋವರೆಗೂ ಆಕ್ಸಿಲೇಟರ್ ಒತ್ತೇ ಇರ್ತೀರಿ. ಜಾಸ್ತಿ ಡೀಸೆಲ್ ಅಂದರೆ ಜಾಸ್ತಿ ಕಾವು. ಆ ಕಾವು ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಟರ್ಬೊ ಮೇಲೆ ಬಿಡುವಿಲ್ಲದೆ ಕೂರುತ್ತೆ. ಕ್ಲಚ್ ಪ್ಲೇಟ್ ಹಳೆಯದಿದ್ದರೆ ಮೊದಲು ಅದೇ ಜಾರುತ್ತೆ. ಅಮೆರಿಕದ ಪಿಕಪ್ ವಿಡಿಯೋ ನೋಡಿ ಹೋಲಿಸಬೇಡಿ. ಅಲ್ಲಿ ರಾಮ್ ಗಾಡಿಯ ಕಮಿನ್ಸ್ ಎಂಜಿನ್ನೇ 6.7 ಲೀಟರ್, ನಿಮ್ಮದು 2.5.

ಮೈಲೇಜ್ ಏರುತ್ತೆ ಅಂದಿದ್ದನ್ನಂತೂ ನಂಬಬೇಡಿ. ಏರಿಸಿದ ಶಕ್ತಿ ಬಳಸಿದರೆ ಡೀಸೆಲ್ ಕುಡಿದೇ ಕುಡಿಯುತ್ತೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ ಮಾಲೀಕನಿಗೆ 5 ಸಾವಿರ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದರೆ ಕ್ಲೇಮ್ ಹೊತ್ತಲ್ಲಿ ಜಗಳ. ಬಿಎಸ್6 ಗಾಡಿ ಇರುವವರು ಈ ವಿಚಾರಕ್ಕೆ ಕೈ ಹಾಕದೇ ಇರೋದು ವಾಸಿ, ಮಸಿ ಜಾಸ್ತಿಯಾದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಳ್ಳುತ್ತೆ.

ಹಾಗಾದರೆ ಏನು ಮಾಡೋದು? ನಮ್ಮಲ್ಲಿಗೆ "ದಮ್ಮ ಇಲ್ರೀ" ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ಕೈ ಇಡೋದು ಟರ್ಬೊದಿಂದ ಎಂಜಿನ್‌ಗೆ ಬರುವ ರಬ್ಬರ್ ಪೈಪಿನ ಮೇಲೆ. ಕ್ಲಿಪ್ಪಿನ ಕೆಳಗೆ ಅಥವಾ ಬೆಂಡಿನ ಅಡಿಯಲ್ಲಿ ಸಣ್ಣಗೆ ಸೀಳಿರುತ್ತೆ. ಸೀಳಿದ ಕಡೆ ಎಣ್ಣೆ ಜಿಡ್ಡು ಹಿಡಿದು ಧೂಳು ಕಪ್ಪಗೆ ಕೂತಿರುತ್ತೆ, ಅದೇ ಗುರುತು. ಖಾಲಿ ಗಾಡಿಯಲ್ಲಿ ಇದು ಗೊತ್ತಾಗಲ್ಲ. ಲೋಡ್ ಹೇರಿ ಏರು ಹತ್ತುವಾಗ ಗಾಳಿಯೆಲ್ಲ ಅಲ್ಲೇ ಹೊರಗೆ ಹೋಗುತ್ತೆ, ಹಿಂದೆ ಕರಿ ಹೊಗೆ ಬರುತ್ತೆ. ಆಮೇಲೆ ಇಜಿಆರ್ ವಾಲ್ವ್ (ಸುಟ್ಟ ಹೊಗೆಯನ್ನು ಚೂರು ವಾಪಸ್ ಎಂಜಿನ್‌ಗೆ ಬಿಡುವ ವಾಲ್ವ್) ಮಸಿ ಹಿಡಿದು ತೆರೆದೇ ನಿಂತಿದೆಯಾ ನೋಡಬೇಕು. ಡೀಸೆಲ್ ಫಿಲ್ಟರ್ ಬದಲಿಸಿ ಎಷ್ಟು ದಿನ ಆಯ್ತು ನೆನಪಿದೆಯಾ? ಬ್ರೇಕ್ ಹಿಡಿದುಕೊಂಡಿದ್ದರೂ ಹೀಗೇ ಆಗುತ್ತೆ. ಸಪಾಟು ರಸ್ತೆಯಲ್ಲಿ ಸ್ವಲ್ಪ ಓಡಿಸಿ ನಿಲ್ಲಿಸಿ, ನಾಲ್ಕೂ ಗಾಲಿಯ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಗಾಲಿ ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲೇ ಇದೆ ತೊಂದರೆ.

ಇನ್ನು ಲೋಡ್. ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು. ಗಾಡಿ, ಮಾಲು ಸೇರಿ 3 ಟನ್ ಇದ್ದಾಗ, ಅದರ ಮೇಲೆ 500 ಕೆಜಿ ಜಾಸ್ತಿ ಹೇರಿದರೆ ಘಾಟಿಯಲ್ಲಿ ಅದೇ ಸ್ಪೀಡಿಗೆ ಹತ್ತಿರ ಹತ್ತಿರ 17 ಪರ್ಸೆಂಟ್ ಜಾಸ್ತಿ ಶಕ್ತಿ ಬೇಕು. 22 ಸಾವಿರ ಕೊಟ್ಟು ರೀಮ್ಯಾಪ್‌ನಿಂದ ತರುವುದೂ ಸುಮಾರು ಅಷ್ಟೇ. ಮೀನಿನ ಬಾಕ್ಸಿನಲ್ಲಿ ಐಸ್ ತೂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಅಲ್ವಾ? ಒಮ್ಮೆ ವೇಬ್ರಿಡ್ಜ್ ಮೇಲೆ ಹತ್ತಿಸಿ ನೋಡಿ. ಘಾಟಿಯಲ್ಲಿ ಗೇರನ್ನೂ ಬೇಗ ಇಳಿಸಿ. ಈ ಎಂಜಿನ್ ಚೆನ್ನಾಗಿ ಎಳೆಯೋದು ಸುಮಾರು 1,400ರಿಂದ 2,200 ಆರ್‌ಪಿಎಂ ನಡುವೆ. ಅದಕ್ಕಿಂತ ಕೆಳಗೆ ಟರ್ಬೊ ಏಳೋದೇ ಇಲ್ಲ.

ಇಷ್ಟೆಲ್ಲ ಸರಿ ಇದ್ದರೆ ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನನ್ನು ಪಕ್ಕಕ್ಕೆ ಕೂರಿಸಿಕೊಂಡು ಲೋಡ್ ಗಾಡಿಯನ್ನು ಏರು ಹತ್ತಿಸಿ. ಇಸಿಯು ಕೇಳುವ ಬೂಸ್ಟ್ ಎಷ್ಟು, ಬರುವುದು ಎಷ್ಟು, ರೈಲ್ ಪ್ರೆಶರ್ ಕೇಳುವುದು ಎಷ್ಟು, ಬರುವುದು ಎಷ್ಟು, ಈ 4 ಅಂಕಿ ಬರೆದುಕೊಂಡು ಇಲ್ಲೇ ಕೆಳಗೆ ಹಾಕಿ. ರೈಲ್ ಪ್ರೆಶರ್ ಹಿಂದೆ ಬಿದ್ದಿದ್ದರೆ ಇಂಜೆಕ್ಟರ್ ರಿಟರ್ನ್ ಟೆಸ್ಟ್ (ಇಂಜೆಕ್ಟರ್‌ನಿಂದ ಎಷ್ಟು ಡೀಸೆಲ್ ವಾಪಸ್ ಹೋಗುತ್ತೆ ಅಂತ ಅಳೆಯೋದು) ಮಾಡಿಸಬೇಕಾಗುತ್ತೆ. ಅದನ್ನು ಹೇಗೆ ಓದೋದು ಅಂತ ಆಗ ಹೇಳ್ತೀನಿ.