ಪಿಆರ್ ಸಿಕ್ಕ ಮೇಲೆ ಊರಿಗೆ ಬಂದು ಎಷ್ಟು ದಿನ ಇರಬಹುದು?

ಕೆನಡಾ ಪಿಆರ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಈಗಷ್ಟೇ ಸಿಕ್ಕಿದೆ, ಗದಗದಲ್ಲಿ ಅಪ್ಪ-ಅಮ್ಮನ ಜೊತೆ ಎರಡು ವರ್ಷ ಇದ್ದರೆ ಅದು ಹೋಗಿಬಿಡುತ್ತಾ ಅಂತ ಕೇಳಿದ್ದೀರಿ. ಹೋಗುವುದಿಲ್ಲ. ಆದರೆ ದಿನ ಎಣಿಸಬೇಕು.

ಅಲ್ಲಿನ ನಿಯಮ, 5 ವರ್ಷಕ್ಕೆ 730 ದಿನ ಕೆನಡಾದಲ್ಲಿ ಇರಬೇಕು. ಒಂದೇ ಸಮನೆ ಇರಬೇಕಿಲ್ಲ, ಬಿಡಿಬಿಡಿಯಾಗಿ ಇದ್ದರೂ ನಡೆಯುತ್ತದೆ. ಪಿಆರ್ ಸಿಕ್ಕು 5 ವರ್ಷ ಆಗಿಲ್ಲದವರು ಉಳಿದ ಅವಧಿಯಲ್ಲಿ 730 ತುಂಬಿಸುವಂತಿದ್ದರೆ ಸಾಕು. ನಿಮ್ಮ ಲೆಕ್ಕ ಆರಾಮಾಗಿ ಕೂಡುತ್ತದೆ.

ನನ್ನ ಲೆಕ್ಕ ಅಷ್ಟು ಸಲೀಸಾಗಿರಲಿಲ್ಲ. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದಾಗ ಧಾರವಾಡಕ್ಕೆ ಬಂದೆ, ಹದಿನಾಲ್ಕು ತಿಂಗಳು ಉಳಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಇರುತ್ತಿತ್ತಲ್ಲ, ಅದರ ಪಕ್ಕದಲ್ಲೇ ಹೊರಗಿದ್ದ ದಿನಗಳನ್ನು ಬರೆಯುತ್ತಾ ಹೋದೆ. ತಿಂಗಳ ಕೊನೆಗೆ ಹಾಲಿನವನು ನೋಡಿ ಗಾಬರಿಯಾದ. "ಅಮ್ಮಾರ, ಇನ್ನೂರಾ ಹನ್ನೆರಡು ಲೀಟರ್ ನಾ ಯಾವಾಗ ಹಾಕೀನ್ರೀ?"

ಈ ನಡುವೆ ನನ್ನ ಪಿಆರ್ ಕಾರ್ಡಿನ ಅವಧಿ ಮುಗಿಯಿತು. ಹುಬ್ಬಳ್ಳಿಯ ಒಬ್ಬ ಏಜೆಂಟು, ಪಿಆರೇ ಹೋಯಿತು, ಮೊದಲಿನಿಂದ ಅರ್ಜಿ ಹಾಕಿ ಅಂದ. ಸುಳ್ಳು. ಕಾರ್ಡ್ ಸತ್ತರೆ ಪಿಆರ್ ಸಾಯುವುದಿಲ್ಲ. ವಿಮಾನ ಹತ್ತಲು ಮಾತ್ರ ಬಿಡುವುದಿಲ್ಲ. ಅದಕ್ಕೆ ಊರಿನಿಂದಲೇ ಪಿಆರ್ ಟ್ರಾವೆಲ್ ಡಾಕ್ಯುಮೆಂಟಿಗೆ ಅರ್ಜಿ ಹಾಕಿ, ಅದನ್ನು ಹಿಡಿದು ಹೋದೆ.

ಬೇರೆ ದೇಶದಲ್ಲಿರುವ ಗೆಳೆಯರಿಗೆ ಮಾತ್ರ ಇದೇ ಲೆಕ್ಕ ಹೇಳಬೇಡಿ. ಜರ್ಮನಿಯಲ್ಲಿ ಸಾಮಾನ್ಯವಾಗಿ 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ವಾಸದ ಪರ್ಮಿಟ್ ತಾನಾಗಿಯೇ ರದ್ದಾಗುತ್ತದೆ. ಬ್ರಿಟನ್ನಿನಲ್ಲಿ ಸತತ 2 ವರ್ಷ ದಾಟಬಾರದು. ಅಮೆರಿಕದ ಗ್ರೀನ್ ಕಾರ್ಡಿನವರು ವರ್ಷಕ್ಕಿಂತ ಜಾಸ್ತಿ ಹೊರಗಿರುವುದಾದರೆ ಅಲ್ಲಿಂದ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟಿಗೆ (ಮರಳಿ ಒಳಹೋಗುವ ಅನುಮತಿಗೆ) ಅರ್ಜಿ ಹಾಕಬೇಕು, ಇಲ್ಲಿಗೆ ಬಂದ ಮೇಲೆ ಆಗುವುದಿಲ್ಲ. ನಮ್ಮ ಓಣಿಯವರಿಗೆ ಇವೆಲ್ಲವೂ ಗ್ರೀನ್ ಕಾರ್ಡೇ, ಅದು ಬೇರೆ ಮಾತು.

ನಿಮ್ಮ ಪಾಸ್‌ಪೋರ್ಟ್ ಭಾರತದ್ದೇ ಇರುತ್ತದೆ, ಆ ಚಿಂತೆ ಬೇಡ. ಊರಿಗೆ ಹೊರಡುವ ಮುಂಚೆ ಕಾರ್ಡಿನ ಕೊನೆಯ ತಾರೀಖು ಒಮ್ಮೆ ನೋಡಿಕೊಳ್ಳಿ. ದಿನಗಳ ಲೆಕ್ಕ ತೋರಿಸಲು ಬೇಕಾದೀತು, ಬೋರ್ಡಿಂಗ್ ಪಾಸುಗಳನ್ನು ಎಸೆಯಬೇಡಿ. ನನ್ನವು ಅಮ್ಮನ ಸೀರೆ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ ಇನ್ನೂ ಇವೆ.